ಅಳಿಲು ಹಿಡಿದ ವಕೀಲ

ಹಲಸಿನ ಮರದ ಪೊಟರೆ ತಮ್ಮದೆಂದು ಗಿಣಿಗಳು ಗೂಬೆಯ ನ್ಯಾಯಸ್ಥಾನದಲ್ಲಿ ದಾವೆ ಹೂಡಿದವು. ಪೊಟರೆಯಲ್ಲಿದ್ದ ಬಸುರಿ ಅಳಿಲಿಗೆ ಅದೇ ಮರದ ಕಾಗೆ, "ನೀನಿಲ್ಲಿ ಮೂರು ವರ್ಷ ಬಾಳಿದ್ದನ್ನು ನಾನು ಕಂಡಿದ್ದೇನೆ. ವಕಾಲತ್ತು ನನಗೆ ಕೊಡು ತಾಯಿ," ಎಂದಿತು. ಅದರ ಒರಟು ದನಿಗೆ ನಾಚಿದ ಅಳಿಲು ದೂರದ ತೋಪಿನ ಇಂಪು ಕಂಠದ ಕೋಗಿಲೆಯನ್ನು ಗೊತ್ತುಮಾಡಿತು.

ವಿಚಾರಣೆ ಆಷಾಢಕ್ಕೆ ಬಿತ್ತು. ವಸಂತ ಕಳೆದು ದನಿ ಅಡಗಿದ್ದ ಕೋಗಿಲೆ ಬರಲೇ ಇಲ್ಲ. ಅಳಿಲು ಕಾಗೆಯ ಬಳಿಗೆ ಓಡಿತು.

"ನೀನು ಬೇಡವೆಂದ ಮೇಲೆ ಗಿಣಿಗಳು ನನ್ನನ್ನು ನೇಮಿಸಿಕೊಂಡವು. ಈಗ ನಿನ್ನ ಪರ ಬಾಯಿ ತೆರೆಯುವಂತಿಲ್ಲ," ಎಂದು ಕಾಗೆ ತಲೆ ತಗ್ಗಿಸಿತು.

ಗಿಣಿಗಳು ಗೆದ್ದವು. ಸುರಿಮಳೆಯಲ್ಲಿ ಅಳಿಲು ಕಣ್ಣು ಬಿಡದ ಮರಿಗಳನ್ನು ಒಂದೊಂದಾಗಿ ಬರಿಯ ಕೊಂಬೆಗೆ ಸಾಗಿಸಿತು. ಕಾಗೆ ಬಂದು ಅವುಗಳ ಮೇಲೆ ರೆಕ್ಕೆ ಹರಡಿತು. ಆದರೂ ಅಳಿಲು ಮೂರನೆಯದನ್ನು ತರುವಷ್ಟರಲ್ಲಿ ಮೊದಲನೆಯದು ತಣ್ಣಗಾಗಿತ್ತು.