ನಿಂಬೆಹಣ್ಣು ಮತ್ತು ಕೆಂಪು ದೀಪ

ಗುರುಶಾಂತಪ್ಪನವರ ಪಿಕಪ್ ಗಾಡಿಯೊಳಗೆ, ಎಂಜಿನ್ ಆಯಿಲ್ ಕಡಿಮೆಯಾದರೆ ಹೊತ್ತಿಕೊಳ್ಳುವ ಕೆಂಪು ದೀಪವೊಂದಿತ್ತು. ಮುಂದಿನ ಬಂಪರಿಗೆ ಮೆಣಸಿನಕಾಯಿ ಸಮೇತ ಕಟ್ಟಿದ ನಿಂಬೆಹಣ್ಣೊಂದಿತ್ತು.

ಒಂದು ದಿನ ದೀಪ ಹೊತ್ತಿಕೊಂಡಿತು. ಗುರುಶಾಂತಪ್ಪನವರು, “ಥೂ, ಕಣ್ಣಿಗೆ ಚುಚ್ಚುತ್ತೆ” ಎಂದು ಹೆಂಡತಿಯ ಹತ್ತಿರ ಸ್ಟಿಕರ್ ಬೊಟ್ಟು ಇಸಕೊಂಡು ಅದರ ಮೇಲೆ ಅಂಟಿಸಿದರು.

ಬೊಟ್ಟಿನ ಹಿಂದಿನಿಂದಲೇ ದೀಪ ಕೂಗಿತು: “ಅಯ್ಯಾ ನಿಂಬೆಹಣ್ಣೇ, ಇದ್ದದ್ದು ಹೇಳಿದ್ದಕ್ಕೆ ನನ್ನ ಬಾಯಿ ಮುಚ್ಚಿಸಿದರು. ನೀನು ಅವರಿಗೆ ಏನು ಹೇಳುತ್ತೀ?”

“ನಾನು ಏನೂ ಹೇಳುವುದಿಲ್ಲ” ಎಂದಿತು ನಿಂಬೆಹಣ್ಣು. “ಆದ್ದರಿಂದ ಅಮಾವಾಸ್ಯೆ ಅಮಾವಾಸ್ಯೆಗೂ ತಪ್ಪದೆ ಹೊಸ ಹಣ್ಣು ಕಟ್ಟುತ್ತಾರೆ. ನೀನು ಕೇಳುವ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತು?”

“ಎರಡು ವರ್ಷ.”

ಎಂಟನೇ ದಿನ ಘಾಟಿಯ ಏರಿನಲ್ಲಿ ಎಂಜಿನ್ ಹೊಗೆ ಉಗುಳಿ, ಸೀಜ್ ಆಗಿ ನಿಂತುಬಿಟ್ಟಿತು. ಮೆಕ್ಯಾನಿಕ್ ದಸ್ತಗೀರ್ ಸಾಬರು ಬಿಚ್ಚಿ ನೋಡಿ, “ಒಂದು ಹನಿ ಆಯಿಲ್ ಇಲ್ಲ, ಯಜಮಾನ್ರೇ. ದೀಪ ಹತ್ತಲಿಲ್ವಾ?” ಎಂದು ಕೇಳಿದರು.

ಗುರುಶಾಂತಪ್ಪನವರು ಬಂಪರಿನ ಕಡೆ ನೋಡುತ್ತ ಹೇಳಿದರು: “ಈ ಸಲದ ನಿಂಬೆಹಣ್ಣು ಸಣ್ಣದಿತ್ತು.”

ಆಮೇಲೆ ಕಂಪನಿಗೆ ದೂರು ಬರೆದರು: ದೀಪ ವಿನಾಕಾರಣ ತೊಂದರೆ ಕೊಡುತ್ತದೆ. ಇಂಥವೇ ಸಾವಿರಾರು ಕಾಗದ ಬಂದಿದ್ದರಿಂದ ಕಂಪನಿಯವರು ಮೀಟಿಂಗ್ ಕರೆದು ಗಂಭೀರವಾಗಿ ಚರ್ಚಿಸಿದರು. ಮುಂದಿನ ವರ್ಷದ ಮಾಡೆಲ್‌ನಲ್ಲಿ ಕೆಂಪು ದೀಪ ತೆಗೆದುಹಾಕಿ, ಬಂಪರಿಗೆ ನಿಂಬೆಹಣ್ಣು ಕಟ್ಟಲು ಒಂದು ಸ್ಟೀಲ್ ಕೊಕ್ಕೆ ಕೊಟ್ಟರು.

ಆ ಗಾಡಿ ಬೇಕೆಂದರೆ ಈಗ ಮೂರು ತಿಂಗಳು ಕಾಯಬೇಕು.