ಕುಂಕುಮ ಹಚ್ಚಿಸಿಕೊಂಡ ಹಾರ್ಡ್ ಡಿಸ್ಕ್

ಲಗ್ನಪತ್ರಿಕೆ ಅಚ್ಚು ಹಾಕುವ ಪಂಪಣ್ಣನ ಹಳೇ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ಬಂತು. ಹೊಸ ಸಾಮಾನೆಂದ ಮೇಲೆ ಪೂಜೆ ಆಗಲೇಬೇಕು. ಪಂಪಣ್ಣ ಊದುಬತ್ತಿ ಬೆಳಗಿ, ಕುಂಕುಮ ಕಲಸಿ, ಕೇಬಲ್ ಸಿಕ್ಕಿಸುವ ಬಾಯಿಗೇ ಢಾಳಾಗಿ ಹಚ್ಚಿ, ಡಿಸ್ಕನ್ನು ಒಳಗೆ ಕೂರಿಸಿದ. ಕಂಪ್ಯೂಟರ್ ಚಾಲೂ ಮಾಡಿದರೆ ಪರದೆಯ ಮೇಲೆ ಡಿಸ್ಕಿನ ಸುಳಿವೇ ಇಲ್ಲ.

ಡಿಸ್ಕ್ ಹಳೇ ಮದರ್‌ಬೋರ್ಡಿನ ಮೇಲೆ ಹರಿಹಾಯ್ದಿತು: "ಅಜ್ಜೀ, ಇಷ್ಟು ದೊಡ್ಡವನು ಎದುರಿಗೇ ಕೂತಿದ್ದೇನೆ, ಕಾಣಿಸುವುದಿಲ್ಲವೇ? ನಿಮ್ಮ ಕಣ್ಣು ಹೋಗಿದೆ!"

ಹನ್ನೆರಡು ವರ್ಷ ದುಡಿದ ಮದರ್‌ಬೋರ್ಡ್ ಸಮಾಧಾನದಿಂದಲೇ, "ಮಗಾ, ನಿನ್ನ ಬಾಯಿಗೆ ಕುಂಕುಮ ಮೆತ್ತಿದೆಯಂತೆ, ಕೇಬಲ್ ಹೇಳಿತು. ಒರೆಸಿಕೋ" ಎಂದಿತು.

"ಪೂಜೆಯ ಕುಂಕುಮ ಒರೆಸುವುದೇ? ನಿಮಗೆ ಹೊಟ್ಟೆಕಿಚ್ಚು!"

ಪಂಪಣ್ಣನೂ ಅಜ್ಜಿಯದೇ ತಪ್ಪೆಂದು ತೀರ್ಮಾನಿಸಿ, ಅದನ್ನು ಗುಜರಿಗೆ ಹಾಕಲು ಮೊದಲು ಡಿಸ್ಕಿನ ಕೇಬಲ್ ಕಿತ್ತ. ಬೆರಳು ಕೆಂಪಾಯಿತು. ನಾಲಿಗೆ ಕಚ್ಚಿಕೊಂಡು, ಡಿಸ್ಕಿನ ಬಾಯಿಯನ್ನು ಚೆನ್ನಾಗಿ ಒರೆಸಿ ಮತ್ತೆ ಸಿಕ್ಕಿಸಿದ. ಪರದೆಯ ಮೇಲೆ ಡಿಸ್ಕಿನ ಹೆಸರು ಮೂಡಿತು.

"ಅಂತೂ ಅಜ್ಜಿಗೆ ಕಣ್ಣು ಕಾಣಿಸಿತು!" ಎಂದು ಡಿಸ್ಕ್ ಬೀಗಿತು.

"ಹೌದು ಮಗಾ," ಎಂದಿತು ಮದರ್‌ಬೋರ್ಡ್, "ನಿನ್ನ ಬಾಯಿ ಒರೆಸಿದ ಕೂಡಲೇ ಕಾಣಿಸಿತು."