ಸುಣ್ಣದವನ ಕಿನ್ನರಿ

ಒಂದು ರಾಜ್ಯ ಇತ್ತು. ಅದಕ್ಕೊಬ್ಬ ರಾಜ ಇದ್ದ. ಅವನು ಅರಮನೆಯಲ್ಲಿ ಇರಲಿ, ಕೊನೆಗೆ ಬರುತ್ತಾನೆ. ಮೊದಲು ನಾವು ಸುಣ್ಣದ ಗೂಡಿಗೆ ಹೋಗೋಣ.

ಅದು ರಾಜಧಾನಿಯಿಂದ ಅರ್ಧ ದಿನದ ದಾರಿ. ಸುತ್ತ ಬರೀ ಕಲ್ಲು. ನಡುವೆ ಒಂದು ಗುಡಿಸಲು. ಅಲ್ಲಿ ಮುದ್ದೀರ ಅಂತ ಒಬ್ಬ ಇದ್ದ. ಕಲ್ಲು ಒಡೆಯೋದು, ಸುಡೋದು, ಸುಣ್ಣ ಮಾಡಿ ಅಡ್ಡೆಯಲ್ಲಿ ಹೊತ್ತು ಮಾರೋದು. ಅಡ್ಡೆ ಗೊತ್ತಲ್ಲ? ಹೆಗಲ ಮೇಲೊಂದು ಬಿದಿರು. ಈ ತುದಿಗೊಂದು ಕುಕ್ಕೆ, ಆ ತುದಿಗೊಂದು ಕುಕ್ಕೆ.

ಅವನ ಹೆಂಡತಿ ಹೊನ್ನಿ. ಕಿನ್ನರಿ ನುಡಿಸುವವರ ಮನೆಯ ಹೆಣ್ಣು. ಗಂಡನ ಮನೆಗೆ ಬರುವಾಗ ಒಂದು ಎಮ್ಮೆಗರು ತಂದಳು, ಒಂದು ಕಿನ್ನರಿ ತಂದಳು. ಕರು ಬೆಳೆದು ಎಮ್ಮೆಯಾಯಿತು. ಬೂದಿ ಅಂತ ಹೆಸರಿಟ್ಟರು.

ಹೊನ್ನಿ ದಿನಾ ಬೆಳಗ್ಗೆ ಕೊಟ್ಟಿಗೆಯಲ್ಲಿ ಕೂತು ಕಿನ್ನರಿ ಮೀಟೋಳು. ಮೂರೇ ತಂತಿ, ಮೂರೇ ಮೀಟು. ಬೂದಿ ಕಿವಿ ನಿಗುರಿಸಿ ಕೇಳೋದು. ಆಮೇಲೆ ಕೆಚ್ಚಲಿಗೆ ಸೊರ ಬಿಟ್ಟು ಪಾತ್ರೆ ತುಂಬ ಹಾಲು ಕೊಡೋದು. ಆ ದನಿ ಕೇಳದೆ ಕೆಚ್ಚಲಿಗೆ ಕೈ ಹಾಕಿದರೆ ಒಂದು ತೊಟ್ಟೂ ಇಳಿಸುತ್ತಿರಲಿಲ್ಲ. ಕರುವಾಗಿದ್ದಾಗಿಂದ ಅದಕ್ಕೆ ಹಾಗೇ ರೂಢಿ.

ಇನ್ನೊಂದು ಮಾತು. ಹೊನ್ನಿ ಎಡಚಿ. ಉಣ್ಣೋದೊಂದು ಬಿಟ್ಟು ಎಲ್ಲ ಎಡಗೈಯಲ್ಲೇ. ಎಲ್ಲರ ಕಿನ್ನರಿಯಲ್ಲಿ ದಪ್ಪ ತಂತಿ ಮೇಲಿರುತ್ತೆ, ಸಣ್ಣ ತಂತಿ ಕೆಳಗಿರುತ್ತೆ. ಅವಳು ತನ್ನ ಕೈಗೆ ತಕ್ಕ ಹಾಗೆ ಅದನ್ನ ತಿರುವುಮುರುವು ಕಟ್ಟಿಕೊಂಡಿದ್ದಳು.

ಹೊನ್ನಿ ಅವಳಿ ಹೆತ್ತಳು. ಎರಡೂ ಹೆಣ್ಣು. ಹನ್ನೊಂದನೇ ದಿನ ಹೊನ್ನಿ ಹೋದಳು.

ಅದರಲ್ಲಿ ಹೇಳೋಕೆ ಏನೂ ಇಲ್ಲ. ಹೋದಳು.

ಮಕ್ಕಳಿಗೆ ಬೂದಿಯ ಹಾಲು ಬಿಟ್ಟು ಬೇರೆ ಯಾವುದೂ ಒಗ್ಗಲಿಲ್ಲ. ಹಸುವಿನದು ಕಕ್ಕಿದವು, ಮೇಕೆಯದು ಕಕ್ಕಿದವು. ಮುದ್ದೀರ ತಾನೇ ಕಿನ್ನರಿ ಹಿಡಿದು ಕೂತ. ಅವನು ಬಲಗೈಯವನು. ಆದರೆ ಅವಳು ಮಾಡಿದ್ದನ್ನಷ್ಟೇ ಕಂಡವನು. ಎಡಗೈಯಲ್ಲೇ ಮೀಟಿದ. ಬೂದಿ ತಿರುಗಿ ನೋಡಿತು, ಇದ್ಯಾರು ಅಂತ. ಆಮೇಲೆ ಹಾಲು ಬಿಟ್ಟಿತು.

ಎರಡು ತಿಂಗಳು ಹಾಗೇ ನಡೆಯಿತು. ಒಂದು ದಿನ ಬಿರಡೆ ಮುರಿಯಿತು. ಬಿರಡೆ ಅಂದರೆ ತಂತಿ ಬಿಗಿ ಮಾಡೋಕೆ ತಿರುವೋ ಮರದ ಗೂಟ.

ಮುದ್ದೀರ ಅಡ್ಡೆ ಹೊತ್ತ. ಈ ಕುಕ್ಕೆಯಲ್ಲಿ ಒಂದು ಮಗು, ಆ ಕುಕ್ಕೆಯಲ್ಲಿ ಒಂದು ಮಗು. ಬೆನ್ನಿಗೆ ಕಿನ್ನರಿ. ರಾಜಧಾನಿಗೆ ನಡೆದ.

ಅಲ್ಲಿ ಬೊಮ್ಮೋಜ ಅಂತ ಒಬ್ಬ. ವಾದ್ಯ ಸರಿಮಾಡುವವನು, ಕೈ ಚುರುಕಿನವನು. ಉಳಿದೆರಡು ತಂತಿ ಮೀಟಿ ನೋಡಿದ. ಅವನ ಮುಖ ಬೇರೆ ಆಯಿತು. ಅಂಥ ದನಿ ಅವನು ಕೇಳಿರಲಿಲ್ಲ. ಆಗ ತಾನೇ ರಾಜ ಡಂಗುರ ಹೊಡೆಸಿದ್ದ: ಎಲ್ಲಕ್ಕಿಂತ ಒಳ್ಳೇ ಕಿನ್ನರಿ ತಂದವನೇ ಇನ್ನು ಮೇಲೆ ಅರಮನೆಯ ವಾದ್ಯದ ಕೆಲಸಗಾರ.

"ಒಂದು ಬಿರಡೆ ಹೊಸದಾದರೆ ಸಾಲದಪ್ಪ, ಮೂರೂ ಹಾಕಬೇಕು" ಅಂದ ಬೊಮ್ಮೋಜ.

"ಹಾಕಿ ಸ್ವಾಮಿ. ಹಳೇವು ಕೊಡಿ."

"ಅವು ಒಲೆಗೆ ಹೋದವು. ಹುಳ ಹಿಡಿದಿತ್ತು."

ಮುದ್ದೀರ ಮನೆಗೆ ಬಂದು ಮೀಟಿದ. ಹೊಸ ಬಿರಡೆ ಮೆದು ಮರದ್ದು. ಮೂರನೇ ಮೀಟಿಗೇ ಜಾರಿತು, ತಂತಿ ಸಡಿಲವಾಯಿತು. ಬೂದಿ ಅರ್ಧ ಪಾತ್ರೆ ಕೊಟ್ಟು ಕಾಲು ಒದರಿತು.

ಎರಡನೇ ಸಲ ಹೋದ. ಈ ಕುಕ್ಕೆಯಲ್ಲಿ ಒಂದು ಮಗು, ಆ ಕುಕ್ಕೆಯಲ್ಲಿ ಒಂದು ಮಗು. ಅಡ್ಡೆ ಹಗುರವಾಗಿತ್ತು.

"ಎಮ್ಮೆ ಹಾಲು ಬಿಡ್ತಿಲ್ಲ ಸ್ವಾಮಿ. ದನಿ ಸರಿಯಿಲ್ಲ."

ಬೊಮ್ಮೋಜ ಹೊಟ್ಟೆ ಹಿಡಿದು ನಕ್ಕ. "ಶ್ರುತಿ ತಪ್ಪಿದೆ ಅಂತ ನಿನ್ನ ಎಮ್ಮೆ ಹೇಳ್ತೇನೋ? ತಪ್ಪು ಬಿರಡೆಯದಲ್ಲ, ಕುದುರೆಯದು."

ಕುದುರೆ ಅಂದರೆ ತಂತಿ ಏರಿ ಕೂರೋ ಎಲುಬಿನ ತುಂಡು. ಅದನ್ನ ಕಿತ್ತು ಬಿದಿರಿನದು ಹಾಕಿದ. ದಪ್ಪ ತಂತಿ ಮೇಲೆ, ಸಣ್ಣದು ಕೆಳಗೆ ಕಟ್ಟಿದ. ಸುಣ್ಣ ಸುಡುವವನಿಗೆ ತಂತಿ ಕಟ್ಟೋದು ಏನು ಗೊತ್ತು ಅಂದುಕೊಂಡ.

"ಹಳೇ ಕುದುರೆ ಕೊಡಿ ಸ್ವಾಮಿ."

"ಸವೆದ ಎಲುಬು, ನಾಯಿ ಎತ್ತಿಕೊಂಡು ಹೋಯಿತು."

ಮನೆಗೆ ಬಂದು ಮೀಟಿದರೆ ಬೆರಳು ಹೋದ ಕಡೆ ಬೇರೆ ದನಿ. ತಂತಿ ಬಿಚ್ಚಿ ತಿರುಗಿಸಿ ಕಟ್ಟಿದ. ಬಿದಿರಿನ ಕುದುರೆ ಗಿರ್ರ್ ಅಂತು. ಬೂದಿ ಒಂದು ಬಟ್ಟಲು ಕೊಟ್ಟಿತು. ಮಾರನೇ ದಿನ ಅರ್ಧ ಬಟ್ಟಲು. ಅವನು ಅದನ್ನ ಇಬ್ಬರಿಗೆ ಹಂಚಿದ. ಮೊದಲು ಹುಟ್ಟಿದ್ದು ಮೊದಲು ಸೋತಿತು. ಒಂದು ಮಧ್ಯಾಹ್ನ ಅಳು ನಿಲ್ಲಿಸಿತು. ಹೊನ್ನಿ ಪಕ್ಕದಲ್ಲೇ ಗುಂಡಿ ತೋಡಿ ಮಲಗಿಸಿ ಬಂದ.

ಮೂರನೇ ಸಲ ಹೋದ. ಈ ಕುಕ್ಕೆಯಲ್ಲಿ ಒಂದು ಮಗು. ಆ ಕುಕ್ಕೆಯಲ್ಲಿ ಒಂದು ಕಲ್ಲು.

ಬೊಮ್ಮೋಜ ಕುಕ್ಕೆ ನೋಡಿದ. "ಕಲ್ಲು ಯಾಕೋ ಹೊತ್ಕೊಂಡು ತಿರುಗ್ತೀಯ? ತಲೆ ಕೆಟ್ಟಿದೆಯಾ?"

ಮುದ್ದೀರ ಅಡ್ಡೆ ಇಳಿಸಿದ. ಕಿನ್ನರಿ ಮುಂದಿಟ್ಟ.

ಬೊಮ್ಮೋಜನಿಗೆ ಬೇಕಾಗಿದ್ದದ್ದು ಇನ್ನೊಂದೇ. ದೊಡ್ಡ ಸೋರೆಬುರುಡೆ, ದನಿ ತುಂಬಿಕೊಳ್ಳೋದು. "ಬುರುಡೆ ಬಿರುಕು ಬಿಟ್ಟಿದೆ" ಅಂತ ಅದನ್ನೂ ಕಿತ್ತ. ಆ ವರ್ಷದ ಹಸಿ ಬುರುಡೆ ಅಂಟಿಸಿದ. ಮುದ್ದೀರನಿಗೆ ಅವನದಾಗಿ ಉಳಿದದ್ದು ಉದ್ದನೆಯ ದಂಡಿ ಒಂದೇ.

ಮನೆಗೆ ಬಂದು ಮೀಟಿದ. ಒಡಕು ಮಡಕೆ ತಟ್ಟಿದ ಹಾಗಾಯಿತು. ಬೂದಿ ಹಾಲು ಬಿಡಲಿಲ್ಲ. ಆದರೂ ಕಿವಿ ನಿಗುರಿಸಿ ನಿಂತೇ ಇತ್ತು, ಇನ್ನೂ ಬರುತ್ತೆ, ಇನ್ನೂ ಬರುತ್ತೆ ಅಂತ.

ಮಾರನೇ ಬೆಳಗ್ಗೆ ಮತ್ತೆ ಅಡ್ಡೆ ಹೊತ್ತ. ಅಂಗಡಿ ಮುಚ್ಚಿತ್ತು. ಎಲ್ಲಿ ಹೋಗೋದು? ಸುಮ್ಮನೆ ಬೀದಿಯಲ್ಲಿ ನಡೆದ. ಅರಮನೆ ಗೋಡೆ ಹತ್ತಿರ ಕಾಲು ನಿಂತುಬಿಟ್ಟಿತು.

ಒಳಗೆ ಯಾರೋ ಕಿನ್ನರಿ ಮೀಟುತ್ತಿದ್ದರು. ಅದು ಹೊನ್ನಿಯ ದನಿ. ಅವಳ ಕೈಯಲ್ಲ, ಆದರೆ ಅವಳ ದನಿ.

ಬಾಗಿಲಲ್ಲಿ ಲಕ್ಕವ್ವ ಅನ್ನೋ ಮುದುಕಿ ಕಸ ಗುಡಿಸುತ್ತಿದ್ದಳು. ಪೊರಕೆ ಅವಳ ಎಡಗೈಯಲ್ಲಿತ್ತು.

"ನಿಂತ್ಕೊಳಪ್ಪ. ಈ ಕುಕ್ಕೆಯಲ್ಲಿ ಮಗು, ಆ ಕುಕ್ಕೆಯಲ್ಲಿ ಕಲ್ಲು. ಯಾಕೆ?"

"ತೂಕಕ್ಕೆ ತಾಯಿ. ಇಲ್ಲದಿದ್ದರೆ ಅಡ್ಡೆ ನಿಲ್ಲಲ್ಲ."

"ಮುಂಚೆ ಅದರಲ್ಲಿ ಏನಿತ್ತು?"

"ಇದರ ಜತೆಯದು."

ಲಕ್ಕವ್ವ ಪೊರಕೆ ಕೆಳಗಿಟ್ಟಳು. ಎಲ್ಲ ಕೇಳಿದಳು. ಹೊನ್ನಿ ಹೇಗೆ ಮೀಟುತ್ತಿದ್ದಳು ಅಂತಲೂ ಕೇಳಿದಳು. ಮುದ್ದೀರ ಎಡಗೈ ಎತ್ತಿ ತೋರಿಸಿದ. ಮುದುಕಿ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ರಾಜ ಕೂತಿದ್ದ. ಮುಂದೆ ಬೊಮ್ಮೋಜ, ಅವನ ತೊಡೆ ಮೇಲೆ ಕಿನ್ನರಿ. ದಂಡಿ ಹೊಸದು, ಉಳಿದದ್ದೆಲ್ಲ ಹಳೇದು.

"ಅದು ನನ್ನ ಹೆಂಡತಿಯದು ಬುದ್ಧಿ" ಅಂದ ಮುದ್ದೀರ.

"ನಿನ್ನ ಕಿನ್ನರಿ ನಿನ್ನ ಬೆನ್ನ ಮೇಲೇ ಇದೆಯಲ್ಲೋ! ಒಬ್ಬನಿಗೆ ಎಷ್ಟು ಬೇಕು?" ಅಂದ ಬೊಮ್ಮೋಜ. ಸಭೆ ನಕ್ಕಿತು. "ಇದು ನಮ್ಮ ತಾತನದು ಮಹಾಸ್ವಾಮಿ. ದಂಡಿ ಒಂದು ನಾನು ಬದಲಿಸಿದ್ದು."

ಲಕ್ಕವ್ವ ಕೈ ಮುಗಿದಳು. "ನಾನು ಕಸ ಗುಡಿಸೋಳು ಬುದ್ಧಿ. ಒಂದು ಭಯ, ಕೇಳ್ತೀನಿ. ನಾನು ಎಡಚಿ, ಹುಟ್ಟಿದಾಗಿಂದ ಅಪಶಕುನ ಅಂತ ಬೈಸ್ಕೊಂಡೋಳು. ಈ ಕಿನ್ನರಿಯನ್ನ ಎಡಚರು ಯಾರಾದರೂ ನುಡಿಸಿದ್ದರೆ ಅರಮನೆಗೆ ಆಗಿಬರುತ್ತಾ?"

ಬೊಮ್ಮೋಜ ಎದೆ ಉಬ್ಬಿಸಿದ. "ನಮ್ಮ ಮನೆಯಲ್ಲಿ ಎಡಚರಾ? ನಮ್ಮ ತಾತ ಬಲಗೈಯವನು, ನಮ್ಮಪ್ಪ ಬಲಗೈಯವನು, ನಾನು ಬಲಗೈಯವನು. ಬೇರೆ ಯಾರೂ ಇದನ್ನ ಮುಟ್ಟಿಲ್ಲ. ಆಣೆ ಮಾಡ್ತೀನಿ."

"ಮಾಡಿ."

ದೀಪ ಮುಟ್ಟಿ ಆಣೆ ಮಾಡಿದ.

"ಹಾಗಾದರೆ ತಂತಿ ಎತ್ತಿ ಕುದುರೆ ನೋಡಿ ಬುದ್ಧಿ" ಅಂದಳು ಲಕ್ಕವ್ವ. "ದಪ್ಪ ತಂತಿ ದಪ್ಪ ಗೀರು ಕೊರೆಯುತ್ತೆ. ಸಣ್ಣದು ಸಣ್ಣ ಗೀರು. ವರ್ಷಗಟ್ಟಲೆ ಕೊರೆದದ್ದು ಸುಳ್ಳು ಹೇಳಲ್ಲ."

ರಾಜ ತಾನೇ ಬಗ್ಗಿ ನೋಡಿದ. ಸಣ್ಣ ತಂತಿಯ ಕೆಳಗೆ ದಪ್ಪ ಗೀರು. ದಪ್ಪ ತಂತಿಯ ಕೆಳಗೆ ಸಣ್ಣ ಗೀರು. ಎಡಗೈಯವರ ಕಿನ್ನರಿ ಅದು.

"ಇವನ ಕೈ ಕಡಿಸಿ" ಅಂದ ರಾಜ.

"ಈಗ ಬೇಡ ಬುದ್ಧಿ" ಅಂದ ಮುದ್ದೀರ. "ಮೊದಲು ಅದೇ ಕೈಯಲ್ಲಿ ಜೋಡಿಸಲಿ. ಮಗು ಹಸಿದಿದೆ."

ಬೊಮ್ಮೋಜ ಅದೇ ಕೈಯಲ್ಲಿ ಜೋಡಿಸಿದ. ಬುರುಡೆ ಕೂರಿಸಿದ, ಕುದುರೆ ಇಟ್ಟ. ಬಿರಡೆ ಮೂರೂ ಮುದ್ದೀರನ ದಂಡಿಯ ತೂತಿಗೆ ಹೋಗಿ ಗಟ್ಟಿಯಾಗಿ ಕಚ್ಚಿಕೊಂಡವು. ಮುರಿದ ಬಿರಡೆಯನ್ನ ಬೊಮ್ಮೋಜ ಆಗಲೇ ಅಂಟಿಸಿ ಇಟ್ಟಿದ್ದ. ಮೊದಲ ದಿನವೇ ಅಷ್ಟು ಮಾಡಿದ್ದರೆ ಸಾಕಿತ್ತು.

ಮುದ್ದೀರ ತಂತಿ ತಿರುವಿ ಕಟ್ಟಿ ಎಡಗೈಯಲ್ಲಿ ಮೀಟಿದ. ಒಂದು. ಎರಡು. ಮೂರು. ಎರಡು ದಿನದಿಂದ ಅಳದ ಮಗು ಕುಕ್ಕೆಯೊಳಗೆ ಅತ್ತಿತು.

"ಈಗ ಹೇಳು, ಇವನನ್ನ ಏನು ಮಾಡಲಿ?" ಅಂದ ರಾಜ.

ಮುದ್ದೀರ ಬೊಮ್ಮೋಜನ ಕೈ ನೋಡಿದ. ಆಮೇಲೆ ಕುಕ್ಕೆಯಿಂದ ಕಲ್ಲು ಎತ್ತಿ ಅವನ ಮುಂದೆ ಇಟ್ಟ.

"ಕೈ ಇರಲಿ ಬುದ್ಧಿ. ಈ ಕಲ್ಲು ಇವನ ಅಂಗಡಿ ಮುಂದೆ ಇರಲಿ. ಏನೇ ಸರಿಮಾಡಲಿ, ಕಿತ್ತ ತುಂಡನ್ನ ಇದರ ಮೇಲಿಟ್ಟು ಕೊಟ್ಟವರಿಗೆ ತೋರಿಸಲಿ. ಈ ಕಲ್ಲು ಯಾಕೆ ಅಂತ ಬಂದವರು ಕೇಳ್ತಾರೆ. ಪ್ರತಿ ಸಲವೂ ಇವನೇ ಹೇಳಲಿ."

ಹಾಗೇ ಆಯಿತು. ಬೊಮ್ಮೋಜ ಸಾಯೋವರೆಗೂ ಹೇಳಿದ. ಸುಳ್ಳು ಹೇಳೋ ಹಾಗಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

ಮುದ್ದೀರ ಮನೆಗೆ ಹೊರಟ. ಈ ಕುಕ್ಕೆಯಲ್ಲಿ ಮಗು, ಆ ಕುಕ್ಕೆಯಲ್ಲಿ ಕಿನ್ನರಿ. ಕಲ್ಲಿನಷ್ಟು ತೂಕ ಇರಲಿಲ್ಲ, ಅಡ್ಡೆ ಒಂದು ಕಡೆ ವಾಲುತ್ತಿತ್ತು. ಅವನು ಸರಿಮಾಡಿಕೊಳ್ಳಲಿಲ್ಲ.

ಬೂದಿ ನಿಂತಿತ್ತು. ಮೂರು ಸಲ ಮೀಟಿದ. ಒಂದು ಬಟ್ಟಲು ಹಾಲು ಇಳಿಯಿತು. ಒಂದು ಮಗುವಿಗೆ ಅಷ್ಟು ಸಾಕು. ಮಗು ಕುಡಿಯಿತು, ಬದುಕಿತು.

ಬದುಕಬೇಕಾಗಿದ್ದದ್ದು ಎರಡು.

ಕೇಳಿದಿರಲ್ಲ ಮಕ್ಕಳೇ. ಸರಿಮಾಡಿ ಅಂತ ಯಾರಾದರೂ ನಿಮ್ಮ ಕೈಗೆ ಏನಾದರೂ ಕೊಟ್ಟರೆ, ಕೆಟ್ಟಿದ್ದನ್ನ ಮಾತ್ರ ಮುಟ್ಟಿ. ಕಿತ್ತಿದ್ದನ್ನ ಹಿಂದಕ್ಕೆ ಕೊಡಿ. ನಿಮಗೆ ಅದು ಒಂದು ಎಲುಬಿನ ತುಂಡು. ಅದರ ಮೇಲೆ ಯಾರ ಜೀವ ನಿಂತಿದೆಯೋ ನಿಮಗೆ ತಿಳಿಯದು.